ತಾರೀಖಿಲ್ಲದ ಭರವಸೆ

ಯುದ್ಧದಿಂದಾಗಿ ಮನೆ ತೊರೆದು ಬೇರೊಂದು ದೇಶದಲ್ಲಿ ಆಶ್ರಯ ಪಡೆದಿದ್ದ ಪರಿಚಿತರೊಬ್ಬರಿಗೆ ಕೆಲವು ವರ್ಷಗಳ ಹಿಂದೆ ನಾನು “ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತದೆ” ಎಂದು ಬರೆದಿದ್ದೆ. ಅವರಿಂದ ಬಂದದ್ದು ಒಂದೇ ಪದದ ಉತ್ತರ: “ಯಾವಾಗ?” ಆ ಪದದಲ್ಲಿ ಕೋಪವಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ಮಗಳನ್ನು ಹೊಸ ಭಾಷೆಯ ಶಾಲೆಗೆ ಸೇರಿಸುವುದೋ ಇನ್ನೆರಡು ತಿಂಗಳು ಕಾಯುವುದೋ, ಹಿಂದೆ ಉಳಿದ ವಯಸ್ಸಾದ ತಂದೆಯನ್ನು ಹೇಗಾದರೂ ಕರೆಸಿಕೊಳ್ಳುವುದೋ ತಾವೇ ಹಿಂತಿರುಗುವುದೋ ಎಂಬ ನಿರ್ಧಾರಗಳೆಲ್ಲ ಆ ಪ್ರಶ್ನೆಯ ಉತ್ತರಕ್ಕಾಗಿ ಕಾದು ಕೂತಿದ್ದವು. ನನ್ನಲ್ಲಿ ಉತ್ತರವಿರಲಿಲ್ಲ. ನನಗೇ ಗೊತ್ತಿಲ್ಲದ ಸಂಗತಿಯನ್ನು ಅಷ್ಟು ಖಚಿತವಾಗಿ ಹೇಳಿಬಿಟ್ಟೆನಲ್ಲ ಎಂಬ ನಾಚಿಕೆ ಬಹಳ ದಿನ ಕಾಡಿತು. ಆ ವಾಕ್ಯವನ್ನು ನಾನು ಮತ್ತೆ ಯಾರಿಗೂ ಹೇಳಿಲ್ಲ. ಆದರೆ ಅದರ ಬದಲು ಏನು ಹೇಳಬೇಕು, ಯುದ್ಧ ಮತ್ತು ದಮನದ ಕಾಲದಲ್ಲಿ ಮನಸ್ಸನ್ನು ಕುಸಿಯಲು ಬಿಡದೆ ಇಟ್ಟುಕೊಳ್ಳುವುದೆಂದರೆ ನಿಜವಾಗಿ ಏನು ಎಂಬ ಪ್ರಶ್ನೆ ಉಳಿದುಕೊಂಡಿತು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಂತೆ 2024ರ ಕೊನೆಯ ಹೊತ್ತಿಗೆ ಯುದ್ಧ, ಹಿಂಸೆ ಮತ್ತು ಕಿರುಕುಳದ ಕಾರಣಕ್ಕೆ ಮನೆ ಬಿಡಬೇಕಾಗಿ ಬಂದವರ ಸಂಖ್ಯೆ 12 ಕೋಟಿ 30 ಲಕ್ಷವನ್ನು ದಾಟಿತ್ತು. “ಯಾವಾಗ?” ಎಂದು ಕೇಳುತ್ತಿರುವವರು ಅಷ್ಟು ಮಂದಿ.

ಈ ಪ್ರಶ್ನೆಗೆ ಒಂದು ತಾರೀಖನ್ನು ಉತ್ತರವಾಗಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಬಲ್ಲವರು ಹೇಳಿದ್ದಾರೆ. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ನಾಜಿ ಸೆರೆಶಿಬಿರಗಳಲ್ಲಿ ಇದ್ದು ಬದುಕಿ ಬಂದವರು. ಅವರ ಜೊತೆಯ ಬಂದಿಯೊಬ್ಬನಿಗೆ 1945ರ ಫೆಬ್ರವರಿಯಲ್ಲಿ ಒಂದು ಕನಸು ಬಿತ್ತಂತೆ. ಮಾರ್ಚ್ 30ರಂದು ತಮ್ಮ ಕಷ್ಟಗಳೆಲ್ಲ ಮುಗಿಯುತ್ತವೆ ಎಂದು ಆ ಕನಸಿನಲ್ಲಿ ಯಾರೋ ಹೇಳಿದರಂತೆ. ಅವನು ಅದನ್ನು ಪೂರ್ತಿಯಾಗಿ ನಂಬಿದ. ದಿನ ಹತ್ತಿರವಾದಂತೆ ಬಿಡುಗಡೆಯ ಸುಳಿವು ಮಾತ್ರ ಎಲ್ಲೂ ಕಾಣಲಿಲ್ಲ. ಮಾರ್ಚ್ 29ರಂದು ಅವನಿಗೆ ಜ್ವರ ಏರಿತು, 30ರಂದು ಪ್ರಜ್ಞೆ ತಪ್ಪಿತು, 31ರಂದು ಅವನು ತೀರಿಕೊಂಡ. ಹೊರನೋಟಕ್ಕೆ ಕಾಣುವ ಕಾರಣ ಟೈಫಸ್ ಜ್ವರ. ಆದರೆ ನಂಬಿಕೆ ಮುರಿದ ಗಳಿಗೆಯಲ್ಲೇ ದೇಹದ ತಡೆದುಕೊಳ್ಳುವ ಶಕ್ತಿಯೂ ಮುರಿಯಿತು ಎಂದು ಫ್ರಾಂಕ್ಲ್ ಭಾವಿಸಿದ್ದರು. 1944ರ ಕ್ರಿಸ್‌ಮಸ್ ಮತ್ತು 1945ರ ಹೊಸ ವರ್ಷದ ನಡುವಿನ ವಾರದಲ್ಲಿ ಶಿಬಿರದ ಸಾವುಗಳು ಎಂದಿಗಿಂತ ಹೆಚ್ಚಾದವು ಎಂದೂ, ಹಬ್ಬದ ಹೊತ್ತಿಗೆ ಮನೆ ಸೇರುತ್ತೇವೆಂಬ ನಂಬಿಕೆ ಹುಸಿಯಾದದ್ದೇ ಅದಕ್ಕೆ ಕಾರಣವೆಂದೂ ಅಲ್ಲಿನ ವೈದ್ಯರು ಹೇಳಿದ್ದನ್ನು ಅವರು ದಾಖಲಿಸಿದ್ದಾರೆ. ಇದು ಕಣ್ಣಾರೆ ಕಂಡವರ ಗ್ರಹಿಕೆಯೇ ಹೊರತು ಅಳತೆ ಮಾಡಿ ಸಾಬೀತುಪಡಿಸಿದ ಅಧ್ಯಯನವಲ್ಲ. ಅಷ್ಟರ ಮಟ್ಟಿಗೇ ನಾನು ಅದನ್ನು ಸ್ವೀಕರಿಸುತ್ತೇನೆ.

ಅದೇ ಮಾತನ್ನು ತೀರಾ ಬೇರೆ ಕಡೆಯಿಂದ ಬಂದ ಇನ್ನೊಬ್ಬರು ಹೇಳಿರುವುದರಿಂದ ನನಗೆ ಅದರ ಮೇಲೆ ನಂಬಿಕೆ ಹೆಚ್ಚು. ಅಮೆರಿಕದ ನೌಕಾಪಡೆಯ ವಿಮಾನ ಚಾಲಕ ಜೇಮ್ಸ್ ಸ್ಟಾಕ್‌ಡೇಲ್ 1965ರ ಸೆಪ್ಟೆಂಬರ್‌ನಿಂದ 1973ರ ಫೆಬ್ರವರಿಯವರೆಗೆ ಉತ್ತರ ವಿಯೆಟ್ನಾಮಿನ ಸೆರೆಯಲ್ಲಿದ್ದರು. ಆ ಯುದ್ಧದಲ್ಲಿ ಆಕಾಶದಿಂದ ಬಾಂಬು ಬಿದ್ದದ್ದು ಯಾರ ಮೇಲೆ ಎಂಬುದನ್ನು ನಾನು ಮರೆತಿಲ್ಲ, ಆ ಯುದ್ಧವನ್ನು ಸಮರ್ಥಿಸುವುದೂ ಇಲ್ಲ. ಆದರೆ ಏಳು ವರ್ಷಕ್ಕೂ ಹೆಚ್ಚು ಕಾಲ ಚಿತ್ರಹಿಂಸೆಯನ್ನೂ ಒಂಟಿ ಕೋಣೆಯನ್ನೂ ಕಂಡ ಮನುಷ್ಯನ ಅನುಭವವನ್ನು ಅವನ ಪಕ್ಷ ನೋಡಿ ತಳ್ಳಿಹಾಕಲಾಗದು. ಸೆರೆಯಲ್ಲಿ ಯಾರು ಉಳಿಯಲಿಲ್ಲ ಎಂದು ಕೇಳಿದಾಗ ಅವರು ಕೊಟ್ಟ ಉತ್ತರ, ಆಶಾವಾದಿಗಳು ಎಂಬುದು. ಕ್ರಿಸ್‌ಮಸ್ ಹೊತ್ತಿಗೆ ಹೊರಗಿರುತ್ತೇವೆ ಎಂದವರು, ಅದು ದಾಟಿದ ಮೇಲೆ ಈಸ್ಟರ್ ಎಂದವರು, ಅದೂ ದಾಟಿ ಮತ್ತೆ ಕ್ರಿಸ್‌ಮಸ್ ಬಂದಾಗ ಎದೆಯೊಡೆದು ಸತ್ತರು ಎಂದು ಅವರು ಹೇಳಿದರು. ಕೊನೆಗೆ ಗೆಲ್ಲುತ್ತೇವೆ ಎಂಬ ನಂಬಿಕೆಯನ್ನು ಸ್ಟಾಕ್‌ಡೇಲ್ ಎಂದೂ ಬಿಡಲಿಲ್ಲ, ಆದರೆ ಅದಕ್ಕೆ ದಿನಾಂಕವನ್ನೂ ಕಟ್ಟಲಿಲ್ಲ.

ನಮ್ಮ ಭಾಷೆಯಲ್ಲಿ ನಿರೀಕ್ಷೆ ಮತ್ತು ಭರವಸೆ ಎಂಬ ಎರಡು ಪದಗಳಿವೆ. ಅವುಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಬಳಸುವುದು ರೂಢಿಯಾಗಿದೆ. ಆದರೆ ಆ ಪದಗಳ ಜೊತೆಗೆ ಬರುವ ಕ್ರಿಯಾಪದಗಳನ್ನು ಗಮನಿಸಿದರೆ ವ್ಯತ್ಯಾಸ ತಾನಾಗಿ ಹೊಳೆಯುತ್ತದೆ. ನಿರೀಕ್ಷೆಯನ್ನು ನಾವು ಇಟ್ಟುಕೊಳ್ಳುತ್ತೇವೆ, ಅದು ಫಲಿಸುತ್ತದೆ ಇಲ್ಲವೇ ಹುಸಿಯಾಗುತ್ತದೆ. ಎರಡೂ ನಮ್ಮ ಕೈಯಲ್ಲಿಲ್ಲ. ಭರವಸೆಯನ್ನಾದರೋ ನಾವು ಇನ್ನೊಬ್ಬರಿಗೆ ಕೊಡುತ್ತೇವೆ, ಕೊಟ್ಟ ಮೇಲೆ ಉಳಿಸಿಕೊಳ್ಳುವ ಹೊಣೆಯೂ ನಮ್ಮದೇ. ಯುದ್ಧದ ನಡುವೆ ಸಿಕ್ಕಿಬಿದ್ದವರ ಬದುಕನ್ನು ಓದಿದಷ್ಟೂ ನನಗೆ ಮನದಟ್ಟಾಗುತ್ತಿರುವುದು ಇದು. ಮನಸ್ಸನ್ನು ಎತ್ತಿ ನಿಲ್ಲಿಸಿದ್ದು ಅವರು ಜಗತ್ತಿನಿಂದ ಏನನ್ನು ನಿರೀಕ್ಷಿಸಿದರು ಎಂಬುದಲ್ಲ, ಯಾರಿಗೆ ಯಾವ ಭರವಸೆ ಕೊಟ್ಟು ಅದನ್ನು ಆ ದಿನ ಸಂಜೆಯೊಳಗೆ ಎಷ್ಟು ಉಳಿಸಿಕೊಂಡರು ಎಂಬುದು.

ಇದಕ್ಕೆ ನನಗೆ ಸಿಕ್ಕಿರುವ ಅತ್ಯಂತ ಕಠಿಣವಾದ ಉದಾಹರಣೆ ಪೋಲೆಂಡಿನ ರಾಜಧಾನಿ ವಾರ್ಸಾದ್ದು. 1940ರ ನವೆಂಬರ್‌ನಲ್ಲಿ ಜರ್ಮನರು ಅಲ್ಲಿನ ಯಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದರು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಕೆಲವೇ ಬೀದಿಗಳಲ್ಲಿ ತುಂಬಿಕೊಂಡಿದ್ದರು. ಅಧಿಕೃತ ಪಡಿತರದಿಂದ ಒಂದು ದಿನಕ್ಕೆ ಸಿಗುತ್ತಿದ್ದದ್ದು 200 ಕ್ಯಾಲರಿಯ ಆಸುಪಾಸು. ಕಳ್ಳದಾರಿಯಲ್ಲಿ ಬರುವ ಆಹಾರ ಇಲ್ಲದಿದ್ದರೆ ಬದುಕುವುದೇ ಅಸಾಧ್ಯವಾಗಿತ್ತು. ಬೀದಿಯಲ್ಲಿ ಹೆಣಗಳು ಬೀಳುತ್ತಿದ್ದ 1942ರ ಆರಂಭದಲ್ಲಿ ಅಲ್ಲಿನ ಯಹೂದಿ ವೈದ್ಯರು ಇಸ್ರೇಲ್ ಮಿಲೆಯ್‌ಕೋವ್‌ಸ್ಕಿ ಎಂಬವರ ನೇತೃತ್ವದಲ್ಲಿ ಒಂದು ಸಂಶೋಧನೆಗೆ ಕೈಹಾಕಿದರು. ಹಸಿವೆಯಿಂದ ಮನುಷ್ಯದೇಹದ ಒಳಗೆ ಹಂತಹಂತವಾಗಿ ಏನಾಗುತ್ತದೆ, ಹೃದಯ ಹೇಗೆ ನಿಧಾನವಾಗುತ್ತದೆ, ರಕ್ತ ಹೇಗೆ ಬದಲಾಗುತ್ತದೆ, ಕಣ್ಣಿಗೆ ಏನಾಗುತ್ತದೆ ಎಂಬುದನ್ನು ಅಳೆದು ಬರೆದಿಡುವುದು ಅವರ ಉದ್ದೇಶ. ಅಳೆಯುತ್ತಿದ್ದವರೂ ಹಸಿದವರೇ. ರೋಗಿಗಳಿಗೆ ಕೊಡಲು ಅವರ ಬಳಿ ಅನ್ನವಿರಲಿಲ್ಲ. ಆದರೆ ವೈದ್ಯರಾಗಿ ತಾವು ತಿಳಿಯಬಹುದಾದದ್ದನ್ನು ತಿಳಿದು, ಮುಂದೆಂದೋ ಹಸಿದವರಿಗೆ ಚಿಕಿತ್ಸೆ ಮಾಡುವವರಿಗೆ ಅದನ್ನು ಒಪ್ಪಿಸುವುದು ಅವರಿಂದ ಸಾಧ್ಯವಿತ್ತು. ಅದೇ ವರ್ಷದ ಜುಲೈ 22ರಿಂದ ಜನರನ್ನು ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸುವುದು ಶುರುವಾಗಿ ಸಂಶೋಧನೆ ಅರ್ಧಕ್ಕೇ ನಿಂತಿತು. ಉಳಿದ ಟಿಪ್ಪಣಿಗಳನ್ನು ಕ್ರಮಪಡಿಸಿ ಹಸ್ತಪ್ರತಿಯನ್ನು ಗೋಡೆಯಾಚೆಗಿನ ಪೋಲಿಷ್ ಪ್ರಾಧ್ಯಾಪಕರೊಬ್ಬರಿಗೆ ತಲುಪಿಸಿದರು. ಅದು 1946ರಲ್ಲಿ ಅಚ್ಚಾಯಿತು. ಆ ವೈದ್ಯರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಬದುಕಿರಲಿಲ್ಲ.

ಈಗಿನ ಚೆಕ್ ದೇಶದಲ್ಲಿದ್ದ ನಾಜಿಗಳ ಟೆರೆಜಿನ್ ಶಿಬಿರದಲ್ಲಿ ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಎಂಬ ಕಲಾವಿದೆ ಮಕ್ಕಳಿಗೆ ಚಿತ್ರಕಲೆ ಕಲಿಸಿದರು. ಸಿಕ್ಕ ಚೂರು ಕಾಗದ, ಕಚೇರಿಯಲ್ಲಿ ಬಿಸಾಡಿದ ನಮೂನೆಗಳ ಹಿಂಬದಿ, ಎಲ್ಲವೂ ಅವರಿಗೆ ಹಾಳೆಯೇ. ಪ್ರತಿಯೊಂದು ಚಿತ್ರದ ಮೇಲೂ ಮಗು ತನ್ನ ಹೆಸರನ್ನು ಬರೆಯಲೇಬೇಕು ಎಂದು ಅವರು ಹೇಳುತ್ತಿದ್ದರು. ಸಾಗಣೆಯ ಪಟ್ಟಿಯಲ್ಲಿ ಸಂಖ್ಯೆಯಾಗಿ ಉಳಿಯಬೇಕಾಗಿದ್ದ ಮಕ್ಕಳು ಚಿತ್ರದ ಮೂಲೆಯಲ್ಲಿ ಹೆಸರಾಗಿ ಉಳಿದರು. 1944ರ ಅಕ್ಟೋಬರ್‌ನಲ್ಲಿ ಆ ಕಲಾವಿದೆಯನ್ನು ಔಶ್ವಿಟ್ಸ್ ಸಾವಿನ ಶಿಬಿರಕ್ಕೆ ಸಾಗಿಸಿ ಕೊಲ್ಲಲಾಯಿತು; ಹೊರಡುವ ಮುನ್ನ ಅವರು ಎರಡು ಸೂಟ್‌ಕೇಸುಗಳಲ್ಲಿ ತುಂಬಿಸಿಟ್ಟಿದ್ದ ಸುಮಾರು 4,500 ಚಿತ್ರಗಳು ಯುದ್ಧ ಮುಗಿದ ಮೇಲೆ ಪ್ರಾಗ್ ತಲುಪಿದವು. ಚಿತ್ರ ಬರೆದ ಮಕ್ಕಳಲ್ಲಿ ಬಹುಪಾಲು ಜನ ತಲುಪಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ ಮತ್ತು ಅದು ಏಳಲೇಬೇಕು. ಇವರೆಲ್ಲ ಸತ್ತರಲ್ಲ, ಹಾಗಾದರೆ ಆ ಮನೋಬಲದಿಂದ ಏನು ಬಂದಂತಾಯಿತು? ಈ ಪ್ರಶ್ನೆಯನ್ನು ಹಾರಿ ದಾಟುವ ಬರಹಗಳನ್ನು ಓದಿದಾಗ ನನಗೆ ಸಂಕಟವಾಗುತ್ತದೆ. ಒಳ್ಳೆಯ ಮನೋಭಾವ ಇಟ್ಟುಕೊಂಡವರು ಬದುಕುಳಿದರು, ಕುಗ್ಗಿದವರು ಸತ್ತರು ಎಂದು ಬರೆಯುವುದು ಸತ್ತವರಿಗೆ ಮಾಡುವ ಎರಡನೆಯ ಅನ್ಯಾಯ. ಗುಂಡು ಎದೆಯೊಳಗಿನ ಧೈರ್ಯವನ್ನು ವಿಚಾರಿಸಿಕೊಂಡು ಬರುವುದಿಲ್ಲ. ಬೀಸುವ ದೊಣ್ಣೆ ತಪ್ಪಿದ್ದರಿಂದ ಉಳಿದವರೇ ಹೆಚ್ಚು, ಮತ್ತು ಹಾಗೆ ಉಳಿದ ಬಹಳಷ್ಟು ಮಂದಿ ತಾವು ಇನ್ನೊಬ್ಬರಿಗಿಂತ ಗಟ್ಟಿಯಾಗಿದ್ದೆವು ಎಂದು ಹೇಳಿಕೊಂಡಿಲ್ಲ. ಭರವಸೆ ಕವಚವಲ್ಲ. ಅದನ್ನು ಕವಚವೆಂದು ಮಾರುವವರ ಮಾತನ್ನು ನಂಬಬಾರದು.

ಆದರೂ ಅದು ಬೇಕು ಎಂದು ನಾನು ಹೇಳುವುದಕ್ಕೆ ಕಾರಣ ದಮನದ ಒಳಗಿನ ಉದ್ದೇಶದಲ್ಲಿದೆ. ಒಂದು ಸಮುದಾಯವನ್ನು ಅಳಿಸಬೇಕೆಂದು ಹೊರಟವರು ಮೊದಲು ಅದರ ನಾಳೆಯನ್ನು ಕಸಿಯುತ್ತಾರೆ. ಶಾಲೆ ಮುಚ್ಚುತ್ತಾರೆ, ಉದ್ಯೋಗ ಕಿತ್ತುಕೊಳ್ಳುತ್ತಾರೆ, ಹೆಸರಿನ ಜಾಗದಲ್ಲಿ ಸಂಖ್ಯೆ ಬರೆಯುತ್ತಾರೆ, ನಿನ್ನ ಬದುಕು ಯಾರಿಗೂ ಯಾವುದಕ್ಕೂ ಬೇಕಾಗಿಲ್ಲ ಎಂಬುದನ್ನು ದಿನದಿನವೂ ನೂರು ಸಣ್ಣ ಬಗೆಗಳಲ್ಲಿ ಹೇಳುತ್ತಾರೆ. ಆ ಮಾತನ್ನು ಕೇಳಿಸಿಕೊಂಡವನೇ ಒಪ್ಪಿಬಿಟ್ಟರೆ ಅವರ ಕೆಲಸ ಮುಕ್ಕಾಲು ಪಾಲು ಮುಗಿದಂತೆ. ಮುಂದೆ ಬರುವ ಯಾರಿಗೋ ಉಪಯೋಗವಾಗಲೆಂದು ಹಸಿವೆಯ ಲಕ್ಷಣಗಳನ್ನು ಬರೆದಿಟ್ಟ ವೈದ್ಯ ಆ ಮಾತನ್ನು ಒಪ್ಪಲಿಲ್ಲ. ಅವನ ಸಾವನ್ನು ಅದು ತಪ್ಪಿಸಲಿಲ್ಲ, ನಿಜ. ಆದರೆ ಅವನ ಕೊನೆಯ ತಿಂಗಳುಗಳು ಯಾರವಾಗಿದ್ದವು ಎಂಬುದನ್ನು ಅದು ನಿರ್ಧರಿಸಿತು. ಸೋವಿಯತ್ ನಗರ ಲೆನಿನ್‌ಗ್ರಾಡಿಗೆ ಜರ್ಮನ್ ಪಡೆಗಳು ಹಾಕಿದ 872 ದಿನಗಳ ಮುತ್ತಿಗೆಯಲ್ಲಿ ಅಲ್ಲಿನ ಸಸ್ಯ ಸಂಸ್ಥೆಯ ವಿಜ್ಞಾನಿಗಳು ಭತ್ತ, ಗೋಧಿ, ಆಲೂಗಡ್ಡೆಯ ಬೀಜಸಂಗ್ರಹದ ನಡುವೆ ಕೂತು, ಅದನ್ನು ಮುಟ್ಟದೆ, ಹಸಿವೆಯಿಂದ ಸತ್ತದ್ದೂ ಇದೇ ಬಗೆಯದು. ಆ ಸಂಗ್ರಹವನ್ನು ಕಟ್ಟಿದ ನಿಕೊಲಾಯ್ ವಾವಿಲೋವ್ ಅದೇ ಕಾಲದಲ್ಲಿ ತಮ್ಮದೇ ಸರ್ಕಾರದ ಸೆರೆಯಲ್ಲಿದ್ದು 1943ರ ಜನವರಿಯಲ್ಲಿ ಸರಾಟೋವ್ ಜೈಲಿನಲ್ಲಿ ಪ್ರಾಣ ಬಿಟ್ಟರು. ಬೀಜಗಳು ಉಳಿದವು.

ಯುದ್ಧಕ್ಕೆ ಒಂದಲ್ಲ ಒಂದು ದಿನ ಕದನವಿರಾಮವಾದರೂ ಇರುತ್ತದೆ. ಕಿರುಕುಳಕ್ಕೆ ಅದೂ ಇಲ್ಲ. ಅದು ಕಾನೂನಿನ ಮೂಲಕ, ಅರ್ಜಿ ನಮೂನೆಯ ಒಂದು ಅಂಕಣದ ಮೂಲಕ, ತಲೆಮಾರುಗಳವರೆಗೆ ಸದ್ದಿಲ್ಲದೆ ನಡೆಯುತ್ತದೆ. ಆದ್ದರಿಂದ ಅಲ್ಲಿ ಬೇಕಾಗುವ ಮನೋಬಲವೂ ಬೇರೆ ತರಹದ್ದು, ಹೆಚ್ಚು ದೀರ್ಘವಾದದ್ದು. ಇರಾನಿನಲ್ಲಿ ಬಹಾಯಿ ಧರ್ಮದ ಯುವಜನರಿಗೆ 1979ರ ಕ್ರಾಂತಿಯ ನಂತರ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿತು, ಬಹಾಯಿ ಅಧ್ಯಾಪಕರು ಕೆಲಸ ಕಳೆದುಕೊಂಡರು. 1987ರಲ್ಲಿ ಅವರು ತಮ್ಮದೇ ಆದ ಉನ್ನತ ಶಿಕ್ಷಣ ವ್ಯವಸ್ಥೆಯನ್ನು ಆರಂಭಿಸಿದರು. ಮನೆಗಳ ಕೋಣೆಗಳೇ ತರಗತಿಗಳಾದವು, ಪಾಠಗಳು ಅಂಚೆಯಲ್ಲಿ ಹೋದವು, ಮುಂದೆ ಅಂತರ್ಜಾಲದಲ್ಲಿ ನಡೆದವು. 1998ರಲ್ಲಿ, ಮತ್ತೆ 2011ರಲ್ಲಿ ದೊಡ್ಡ ದಾಳಿಗಳು ನಡೆದು ಸಾಮಗ್ರಿಗಳು ವಶವಾದವು, ಕಲಿಸಿದವರು ಜೈಲು ಸೇರಿದರು. ಪಾಠ ನಿಲ್ಲಲಿಲ್ಲ. ಪದವಿಗೆ ಸ್ವಂತ ದೇಶದ ಮನ್ನಣೆ ಸಿಗುವುದಿಲ್ಲವೆಂದು ಗೊತ್ತಿದ್ದೂ ರಾತ್ರಿ ಕೂತು ಗಣಿತದ ಸಮಸ್ಯೆ ಬಿಡಿಸುವ ಹುಡುಗಿಯ ಮನಸ್ಸಿನಲ್ಲಿ ಇರುವುದನ್ನು ನಾನು ಸಕಾರಾತ್ಮಕ ಮನೋಭಾವ ಎಂದು ಕರೆಯುತ್ತೇನೆ. ಗೋಡೆಗೆ ಅಂಟಿಸುವ ಸುಭಾಷಿತಗಳಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಇವುಗಳಲ್ಲಿ ಯಾವುದೂ ಒಬ್ಬರೇ ಕೂತು ಮಾಡಿದ ಕೆಲಸವಲ್ಲ. ಸ್ಟಾಕ್‌ಡೇಲ್ ಇದ್ದ ಸೆರೆಯಲ್ಲಿ ಬಂದಿಗಳು ಪರಸ್ಪರ ಮಾತನಾಡುವಂತಿರಲಿಲ್ಲ. ಅವರು ಗೋಡೆ ತಟ್ಟಿ ಮಾತನಾಡಿಕೊಂಡರು. ಇಂಗ್ಲಿಷಿನ 26 ಅಕ್ಷರಗಳಲ್ಲಿ ‘ಕೆ’ಯನ್ನು ಬಿಟ್ಟು, ಅದರ ಬದಲು ‘ಸಿ’ಯನ್ನು ಬಳಸಿ, ಉಳಿದ 25ನ್ನು ಐದು ಸಾಲು ಐದು ಕಂಬಗಳ ಚೌಕದಲ್ಲಿ ಜೋಡಿಸಿಕೊಂಡಿದ್ದರು, ಮೊದಲ ತಟ್ಟುಗಳು ಸಾಲನ್ನು ಹೇಳಿದರೆ ಮುಂದಿನವು ಕಂಬವನ್ನು ಹೇಳುತ್ತಿದ್ದವು. ಒಂದು ಪದ ಆಚೆಯ ಕೋಣೆಗೆ ದಾಟಲು ಎಷ್ಟು ಹೊತ್ತು ಬೇಕು ಎಂದು ಯೋಚಿಸಿ ನೋಡಿ. ಚಿತ್ರಹಿಂಸೆ ಅನುಭವಿಸಿ ತಿರುಗಿ ಬಂದವನಿಗೆ ಪಕ್ಕದ ಗೋಡೆಯಿಂದ ಆ ತಟ್ಟು ಕೇಳಿಸಿದಾಗ ಯಾವ ಒಳ್ಳೆಯ ಸುದ್ದಿಯೂ ಬಂದಿರುತ್ತಿರಲಿಲ್ಲ, ಬಿಡುಗಡೆಯ ದಿನ ಒಂದು ಗಂಟೆಯೂ ಹತ್ತಿರವಾಗಿರುತ್ತಿರಲಿಲ್ಲ. ಆಚೆ ಒಬ್ಬನಿದ್ದಾನೆ, ಅವನಿಗೆ ನಾನಿರುವುದು ಗೊತ್ತಿದೆ ಎಂಬುದಷ್ಟೇ ಅದರ ಅರ್ಥ.

ಆಘಾತದ ಬಗ್ಗೆ ಕೆಲಸ ಮಾಡುವ ತಜ್ಞರೂ ಇದನ್ನೇ ತಮ್ಮ ಭಾಷೆಯಲ್ಲಿ ಹೇಳಿದ್ದಾರೆ. ಸ್ಟೀವನ್ ಹಾಬ್‌ಫಾಲ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಯುದ್ಧ, ವಿಪತ್ತು, ಸಾಮೂಹಿಕ ಹಿಂಸೆಗಳ ನಂತರ ಜನರಿಗೆ ದೊರಕಿಸಬೇಕಾದ ಐದು ಸಂಗತಿಗಳನ್ನು ಗುರುತಿಸಿದರು: ಸುರಕ್ಷತೆಯ ಭಾವ, ಮನಸ್ಸಿನ ಶಾಂತಿ, ನನ್ನಿಂದ ಮತ್ತು ನಮ್ಮಿಂದ ಏನಾದರೂ ಮಾಡಲಾಗುತ್ತದೆ ಎಂಬ ಭಾವ, ಇತರರೊಂದಿಗೆ ಸಂಪರ್ಕ, ಮತ್ತು ಭರವಸೆ. ಭರವಸೆ ಐದರಲ್ಲಿ ಒಂದು ಮಾತ್ರ. ಉಳಿದ ನಾಲ್ಕನ್ನು ಕೊಡಲು ಕೈಯೆತ್ತದೆ ಐದನೆಯದನ್ನು ಮಾತ್ರ ನೀನೇ ಎಲ್ಲಿಂದಾದರೂ ತಂದುಕೋ ಎಂದು ನಿರಾಶ್ರಿತನಿಗೆ ಹೇಳುವುದು ಗಾಯದ ಮೇಲೆ ಉಪ್ಪು ಸವರಿದ ಹಾಗೆ. ಕಳೆದ ಹತ್ತು ವರ್ಷಗಳಲ್ಲಿ ಸಂಘರ್ಷ ಕಂಡ ಪ್ರದೇಶಗಳಲ್ಲಿ ಐವರಲ್ಲಿ ಒಬ್ಬರಿಗೆ ಖಿನ್ನತೆ, ಆತಂಕ, ಆಘಾತದ ನಂತರದ ಒತ್ತಡದಂತಹ ಮಾನಸಿಕ ಕಾಯಿಲೆ ಇರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಿಗೆ ಬೇಕಾದದ್ದು ಚಿಕಿತ್ಸೆ. ಹಾಸಿಗೆಯಿಂದ ಏಳಲಾಗದವನಿಗೆ ಧೈರ್ಯ ಸಾಲದು ಎಂದು ಯಾರೂ ಹೇಳಬಾರದು. ಅವನು ಆ ದಿನ ಮುಖ ತೊಳೆದುಕೊಂಡಿದ್ದರೆ ಅದೂ ಒಂದು ಕೆಲಸವೇ.

ಅಳುವುದು ಕೂಡ ಭರವಸೆಯ ವಿರುದ್ಧಪದವಲ್ಲ. ಸತ್ತವರಿಗಾಗಿ ಸರಿಯಾಗಿ ಅಳಲಿಕ್ಕೂ ಯುದ್ಧ ಬಿಡುವು ಕೊಡುವುದಿಲ್ಲ. ಅಳಲು ಜಾಗ ಸಿಕ್ಕವರನ್ನು ಸುಮ್ಮನಾಗಿಸುವುದು ನಮ್ಮ ಸಮಾಧಾನಕ್ಕೇ ಹೊರತು ಅವರ ಒಳಿತಿಗಲ್ಲ. ಕೋಪವೂ ಹಾಗೆಯೇ, ಅದು ಅನ್ಯಾಯಕ್ಕೆ ಒಗ್ಗಿಹೋಗಿಲ್ಲ ಎಂಬುದರ ಗುರುತು. ನನಗೆ ಭಯವಿರುವುದು ದ್ವೇಷದ ಬಗ್ಗೆ, ಏಕೆಂದರೆ ದ್ವೇಷವೂ ಭರವಸೆಯಂತೆಯೇ ಮನುಷ್ಯನನ್ನು ಬೆಳಿಗ್ಗೆ ಎಬ್ಬಿಸಬಲ್ಲದು, ನಡೆಸಬಲ್ಲದು, ಮತ್ತು ಕೊನೆಗೆ ಅವನನ್ನು ತುಳಿದವನ ಹಾಗೆಯೇ ಮಾಡಬಲ್ಲದು. ಇದನ್ನು ಸುರಕ್ಷಿತವಾಗಿ ಕೂತ ನಾನು ಉಪದೇಶ ಮಾಡಲಾರೆ. ಆದರೆ 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿಯವರೆಗೆ 1,425 ದಿನ ಮುತ್ತಿಗೆಯಲ್ಲಿದ್ದ ಬೋಸ್ನಿಯಾದ ರಾಜಧಾನಿ ಸರಾಯೆವೊದಲ್ಲಿ ಓಸ್ಲೊಬೊಜೆನ್ಯೆ ಎಂಬ ಪತ್ರಿಕೆಯ ಕಟ್ಟಡ ಶೆಲ್ ದಾಳಿಗೆ ಕುಸಿದುಬಿದ್ದಾಗ, ಬೋಸ್ನಿಯಾಕರು (ಬೋಸ್ನಿಯಾದ ಮುಸ್ಲಿಮರು), ಸರ್ಬರು, ಕ್ರೋಟರು ಸೇರಿದ್ದ ಅದರ ಸಿಬ್ಬಂದಿ ನೆಲಮಾಳಿಗೆಯ ಅಣುಬಾಂಬ್ ನಿರೋಧಕ ಆಶ್ರಯದಲ್ಲಿ ಕೂತು ಪತ್ರಿಕೆಯನ್ನು ಮುಂದುವರಿಸಿದರು. ಕಾಗದ ಸಾಲದೆ ಪುಟಗಳೂ ಪ್ರತಿಗಳೂ ಕಡಿಮೆಯಾದವು. ಹೊರಗೆ ಯಾವ ಜನಾಂಗದ ಹೆಸರಿನಲ್ಲಿ ಗುಂಡು ಹಾರುತ್ತಿತ್ತೋ ಅದೇ ಜನಾಂಗದವರು ಒಳಗೆ ಪಕ್ಕದ ಮೇಜಿನಲ್ಲಿ ಕೂತು ಸುದ್ದಿ ತಿದ್ದುತ್ತಿದ್ದರು ಎಂಬುದನ್ನು ನೆನೆದಾಗ, ದ್ವೇಷ ಅನಿವಾರ್ಯ ಎಂಬ ವಾದವನ್ನು ನಾನು ಒಪ್ಪಲಾರದೆ ಹೋಗುತ್ತೇನೆ.

ದೂರದಲ್ಲಿ ಕೂತು ನೋಡುವ ನಮ್ಮಂಥವರ ಪಾಲಿಗೆ ಉಳಿಯುವ ಮಾತು ಕಡಿಮೆ. ರಾತ್ರಿಯಿಡೀ ಫೋನಿನಲ್ಲಿ ಕುಸಿದ ಕಟ್ಟಡಗಳ ದೃಶ್ಯಗಳನ್ನು ಒಂದಾದ ಮೇಲೊಂದು ಸರಿಸುತ್ತಾ ಹೋದರೆ ಅಲ್ಲಿರುವ ಯಾರ ಭಾರವೂ ಇಳಿಯುವುದಿಲ್ಲ. ನಮ್ಮ ಕೈಕಾಲು ಸೋತು, ಮಾಡಬಹುದಾಗಿದ್ದ ಕೆಲಸವನ್ನೂ ಬಿಡುತ್ತೇವೆ. ದಿನಕ್ಕೆ ಒಂದು ಹೊತ್ತು, ನಂಬಬಹುದಾದ ಒಂದೆರಡು ಕಡೆಯಿಂದ ಸುದ್ದಿ ತಿಳಿದುಕೊಂಡು, ಉಳಿದ ಸಮಯದಲ್ಲಿ ಒಬ್ಬ ಮನುಷ್ಯನಿಗೆ ಒಂದು ಸಣ್ಣ ಭರವಸೆ ಕೊಟ್ಟು ಅದನ್ನು ಉಳಿಸಿಕೊಳ್ಳುವುದು ನಾನು ನನಗೆ ಹಾಕಿಕೊಂಡ ಕಟ್ಟುಪಾಡು. ಆ ಪರಿಚಿತರಿಗೆ ನಾನು ಮುಂದೆ ಬರೆದದ್ದು, “ಯಾವಾಗ ಎಂಬುದು ನನಗೆ ಗೊತ್ತಿಲ್ಲ. ಪ್ರತಿ ಭಾನುವಾರ ನಿಮಗೆ ಫೋನ್ ಮಾಡುತ್ತೇನೆ” ಎಂದು. ಮಾಡುತ್ತಾ ಬಂದಿದ್ದೇನೆ. ಕೆಲವು ಭಾನುವಾರ ಮಗಳ ಶಾಲೆಯ ಮಾತು, ಕೆಲವೊಮ್ಮೆ ಬರೀ ಮೌನ.

ವಾರ್ಸಾದ ಅದೇ ಗೋಡೆಯೊಳಗೆ ಇತಿಹಾಸಕಾರ ಇಮ್ಯಾನುಯೆಲ್ ರಿಂಗಲ್‌ಬ್ಲುಮ್ ಮತ್ತು ಅವರ ಗುಪ್ತ ತಂಡ ದಿನಚರಿ, ಪಡಿತರ ಚೀಟಿ, ಶಾಲಾ ಮಕ್ಕಳ ಪ್ರಬಂಧ, ನಾಟಕದ ಭಿತ್ತಿಪತ್ರ, ಮಿಠಾಯಿ ಸುತ್ತಿದ ಕಾಗದ, ಎಲ್ಲವನ್ನೂ ಕೂಡಿಸಿಟ್ಟಿತು. ಮೊದಲ ಭಾಗವನ್ನು 1942ರ ಆಗಸ್ಟ್‌ನಲ್ಲಿ ಹತ್ತು ಲೋಹದ ಪೆಟ್ಟಿಗೆಗಳಲ್ಲಿ ತುಂಬಿ ಶಾಲೆಯೊಂದರ ನೆಲಮಾಳಿಗೆಯಲ್ಲಿ ಹೂತರು. ಹೂಳಲು ನೆರವಾದ ಹತ್ತೊಂಬತ್ತರ ಹುಡುಗ ಡೇವಿಡ್ ಗ್ರಾಬರ್, ಈ ನಿಧಿಯನ್ನು ಅಗೆದು ತೆಗೆಯುವ ಗಳಿಗೆಯನ್ನು ನೋಡಲು ತಾನು ಬದುಕಿರಬೇಕೆಂಬ ಆಸೆಯನ್ನು ಚೀಟಿಯಲ್ಲಿ ಬರೆದು ಜೊತೆಗಿಟ್ಟ. 1946ರ ಸೆಪ್ಟೆಂಬರ್‌ನಲ್ಲಿ ಅವಶೇಷಗಳ ಅಡಿಯಿಂದ ಪೆಟ್ಟಿಗೆಗಳನ್ನು ತೆಗೆದಾಗ ಅವನಿರಲಿಲ್ಲ, ರಿಂಗಲ್‌ಬ್ಲುಮ್ ಕೂಡ ಇರಲಿಲ್ಲ. ಜಾಗ ತೋರಿಸಲು ತಂಡದಲ್ಲಿ ಬದುಕಿದ್ದ ಮೂವರಲ್ಲಿ ಒಬ್ಬರಿದ್ದರು. ಎರಡನೆಯ ಭಾಗ, ಎರಡು ಹಾಲಿನ ಕ್ಯಾನುಗಳಲ್ಲಿ ತುಂಬಿದ್ದದ್ದು, 1950ರ ಡಿಸೆಂಬರ್‌ನಲ್ಲಿ ಸಿಕ್ಕಿತು. ಎರಡೂ ಸೇರಿ ಸುಮಾರು 35,000 ಪುಟಗಳು. ಮೂರನೆಯದನ್ನು 1943ರ ಏಪ್ರಿಲ್‌ನಲ್ಲಿ ಬೇರೊಂದು ಬೀದಿಯಲ್ಲಿ ಹೂತಿದ್ದರೆಂದು ನಂಬಲಾಗಿದೆ. ಹುಡುಕಾಟಗಳು ನಡೆದಿವೆ, ಅದು ಇನ್ನೂ ಸಿಕ್ಕಿಲ್ಲ.